ಎಂಜಿಬಿಯ ಬ್ರೇಕ್, ಕ್ಲಚ್ ಏರ್ ತೆಗೆಯಲು ಪ್ರೆಶರ್ ಬ್ಲೀಡರ್: ಹಲವು ವರ್ಷ ಬಳಸಿದ ಮೇಲೆ

ನನ್ನದು ಎಂಜಿಬಿ, ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಅದರ ಬ್ರೇಕ್, ಕ್ಲಚ್ ಪೈಪಿನ ಆಯಿಲ್‌ನಲ್ಲಿ ಸೇರಿಕೊಂಡ ಗಾಳಿ (ಏರ್) ಹೊರಹಾಕುವ ಕೆಲಸ ಒಬ್ಬನೇ ಮುಗಿಸಬಹುದು ಅಂತ ಈ ಪ್ರೆಶರ್ ಬ್ಲೀಡರ್ ತೆಗೆದುಕೊಂಡೆ. ಕೈಪಂಪ್ ಇರುವ ಪ್ಲಾಸ್ಟಿಕ್ ಬಾಟಲಿ, ಒಂದು ಗೇಜ್, ಉದ್ದನೆಯ ಟ್ಯೂಬ್, ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲನ್ನು ಪೈಪಿಗೆ ತಳ್ಳುವ ಭಾಗ) ಬಾಯಿಗೆ ಕೂರುವ ಮುಚ್ಚಳ, ಇಷ್ಟೇ. ಬಾಟಲಿಗೆ ಬ್ರೇಕ್ ಆಯಿಲ್ ತುಂಬಿ ಪಂಪ್ ಮಾಡಿದರೆ ಆಯಿಲ್ ತಾನಾಗಿ ಒಳಗೆ ಹೋಗುತ್ತದೆ, ನಾವು ಕೆಳಗೆ ಏರ್ ಹೊರಬಿಡುವ ನಿಪ್ಪಲ್ ಬಿಚ್ಚಿದರೆ ಸಾಕು. ಆದರೆ ಇಷ್ಟು ಕಾಲ ಬಳಸಿದ ಮೇಲೆ ನನಗೆ ಇದು ಇಷ್ಟವಾಗಿರುವುದು ಬೇರೆ ಕಾರಣಕ್ಕೆ. ಪೆಡಲನ್ನು ತಳದವರೆಗೆ ತುಳಿಯಬೇಕಾಗಿಲ್ಲ.

ಹಳೇ ಕಾರಿಗೆ ಇದು ಎಷ್ಟು ಮುಖ್ಯ ಅಂತ ಜಾಸ್ತಿ ಜನ ಯೋಚನೆ ಮಾಡುವುದಿಲ್ಲ. ದಿನನಿತ್ಯದ ಓಡಾಟದಲ್ಲಿ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಸ್ವಲ್ಪ ದೂರ ಮಾತ್ರ ಓಡುತ್ತದೆ, ಅಲ್ಲಿ ಗೋಡೆ ನುಣುಪಾಗಿ ಇರುತ್ತದೆ. ಅದರಾಚೆಗಿನ ಭಾಗದಲ್ಲಿ ಬ್ರೇಕ್ ಆಯಿಲ್ ಹೀರಿಕೊಂಡ ನೀರಿನಿಂದ ತುಕ್ಕು, ಗಸಿ ಕೂತಿರಬಹುದು. ಏರ್ ತೆಗೆಯುವಾಗ ಪೆಡಲ್ ಪೂರ್ತಿ ತುಳಿದರೆ ರಬ್ಬರ್ ಸೀಲ್ ಆ ಒರಟು ಜಾಗದ ಮೇಲೆ ಹಾದು ಹರಿದುಹೋಗಬಹುದು. ಏರ್ ತೆಗೆದ ಮೇಲೇ ಬ್ರೇಕ್ ಕೆಟ್ಟಿತು ಅಂತ ಬಹಳ ಮಂದಿ ಗೋಳಾಡುವುದಕ್ಕೆ ಇದೂ ಒಂದು ಕಾರಣ. ಟ್ರಯಂಫ್ ಟಿಆರ್6 ತರಹದ, ಬ್ರೇಕ್ ಆಯಿಲ್‌ಗೆ ಎರಡು ಬೇರೆ ಬೇರೆ ಸರ್ಕ್ಯೂಟ್ ಇರುವ ಕಾರುಗಳಲ್ಲಿ ಇನ್ನೊಂದು ತೊಂದರೆ: ಪೆಡಲ್ ಜೋರಾಗಿ ತುಳಿದಾಗ ಪ್ರೆಶರ್ ವ್ಯತ್ಯಾಸ ಗುರುತಿಸುವ ವಾಲ್ವ್ ಒಂದು ಕಡೆ ಸರಿದು, ಡ್ಯಾಶ್‌ಬೋರ್ಡ್‌ನಲ್ಲಿ ಬ್ರೇಕ್ ದೀಪ ಹತ್ತಿಕೊಂಡೇ ಉಳಿಯುತ್ತದೆ. ಅದನ್ನು ಮತ್ತೆ ಮಧ್ಯಕ್ಕೆ ತರುವುದೇ ಒಂದು ಕೆಲಸ. ಕಡಿಮೆ ಪ್ರೆಶರ್‌ನಲ್ಲಿ ಮಾಡಿದರೆ ಸಾಮಾನ್ಯವಾಗಿ ಈ ರಗಳೆ ಇರುವುದಿಲ್ಲ.

ಬಾಟಲಿಯ ಗೇಜ್ 30 ಪಿಎಸ್‌ಐವರೆಗೆ (ಒತ್ತಡದ ಅಳತೆ) ತೋರಿಸುತ್ತದೆ, ನಾನು 10ರ ಮೇಲೆ ಹೋಗುವುದೇ ಇಲ್ಲ. ಎಂಜಿಬಿಯ ಹಳೇ ಮಾಸ್ಟರ್ ಸಿಲಿಂಡರಿನ ಬಾಯಿ ಅದಕ್ಕಿಂತ ಜಾಸ್ತಿ ತಡೆಯಬೇಕು ಅಂತ ಯಾಕೆ ಕೇಳಬೇಕು? ಆಯಿಲ್ ಹಾಕುವ ಮೊದಲು ಖಾಲಿ ಬಾಟಲಿಯಲ್ಲೇ ಗಾಳಿ ತುಂಬಿಸಿ ಸ್ವಲ್ಪ ಹೊತ್ತು ಸುಮ್ನೆ ಬಿಡಿ. ಮುಳ್ಳು ಇಳಿಯುತ್ತಿದ್ದರೆ, ಮುಚ್ಚಳದ ಹತ್ತಿರ ಸುಯ್ ಅನ್ನುತ್ತಿದ್ದರೆ, ಅಲ್ಲೇ ನಿಲ್ಲಿಸಿ ವಾಷರ್ ಸರಿ ಕೂರಿಸಿ. ಆಯಿಲ್ ತುಂಬಿದ ಮೇಲೆ ಅದೇ ಸೋರಿಕೆ ನಿಮ್ಮ ಬಾನೆಟ್ ಕೆಳಗಿನ ಪೇಂಟನ್ನು ಎಬ್ಬಿಸಿಬಿಡುತ್ತದೆ. ಚೆಲ್ಲಿದರೆ ಒರೆಸುತ್ತಾ ಕೂರಬೇಡಿ, ತಕ್ಷಣ ನೀರು ಸುರಿಯಿರಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ನೀರಿನಲ್ಲಿ ಕರಗುತ್ತದೆ.

ಬ್ರೇಕ್ ವಿಷಯದಲ್ಲಿ ಇದರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಹಿಂದಿನಿಂದ ಶುರು ಮಾಡಿ ಮುಂದೆ ಬರುತ್ತೇನೆ, ಗಾಜಿನ ಬಾಟಲಿಯಲ್ಲಿ ಕಂದು ಆಯಿಲ್ ಹೋಗಿ ತಿಳಿ ಆಯಿಲ್ ಬರುವುದನ್ನು ನೋಡುತ್ತೇನೆ, ಮುಗಿಯಿತು. ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ಕೂಡ ನನ್ನ ಹತ್ತಿರ ಇದೆ. ಅದರಲ್ಲಿ ನಿಪ್ಪಲಿನ ಮರೆಯ (ಥ್ರೆಡ್) ಸಂದಿಯಿಂದ ಹೊರಗಿನ ಗಾಳಿ ನುಗ್ಗಿ ಗುಳ್ಳೆ ಬರುತ್ತಲೇ ಇರುತ್ತದೆ, ಒಳಗಿನ ಏರ್ ಯಾವುದು, ಹೊರಗಿನದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಪ್ರೆಶರ್ ಬ್ಲೀಡರ್‌ನಲ್ಲಿ ಕಂಡ ಗುಳ್ಳೆ ನಿಜವಾದ ಗುಳ್ಳೆ.

ಒಂದು ಮಾತು. ಪೆಡಲ್ ಮೆತ್ತಗೆ, ಸ್ಪಂಜಿನ ಹಾಗೆ ಇದ್ದರೆ ಏರ್. ಪೆಡಲ್ ಕೆಳಗೆ ಹೋಗಿ ಅಲ್ಲಿ ಗಟ್ಟಿಯಾಗಿ ನಿಂತರೆ, ಹಿಂದಿನ ಡ್ರಮ್‌ನ ಶೂ ಅಡ್ಜಸ್ಟ್ ಆಗಿಲ್ಲ ಅನ್ನುವುದೇ ಹೆಚ್ಚು. ಎಷ್ಟು ಆಯಿಲ್ ಹರಿಸಿದರೂ ಅದು ಸರಿಯಾಗುವುದಿಲ್ಲ. ಏರ್ ತೆಗೆಯುವ ಮೊದಲೇ ಶೂ ಬಿಗಿ ಮಾಡಿಕೊಳ್ಳಿ. ಹಾಗೇ ಮುಂದಿನ ಕ್ಯಾಲಿಪರ್‌ನಲ್ಲಿ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ನಿಪ್ಪಲ್ ಮೇಲ್ಗಡೆ ಇದೆಯಾ ನೋಡಿ. ಎಡ ಬಲ ಅದಲು ಬದಲಾಗಿ ಕೂರಿಸಿದ್ದರೆ ನಿಪ್ಪಲ್ ಕೆಳಗೆ ಬರುತ್ತದೆ, ಏರ್ ಮೇಲೆ ಕೂತುಬಿಡುತ್ತದೆ, ಯಾವ ಯಂತ್ರ ತಂದರೂ ಬರುವುದಿಲ್ಲ.

ಇನ್ನು ಕ್ಲಚ್. ಇಲ್ಲಿ ನಾನು ಪೂರ್ತಿ ಅಂಕ ಕೊಡುವುದಿಲ್ಲ. ಎಂಜಿಬಿಯಲ್ಲಿ ಕ್ಲಚ್‌ಗೆ ಬೇರೆಯೇ ಮಾಸ್ಟರ್ ಸಿಲಿಂಡರ್, ಹಾಗಾಗಿ ಮುಚ್ಚಳ ಬಿಚ್ಚಿ ಪಕ್ಕದ್ದಕ್ಕೆ ಹಾಕಬೇಕು (ಬಿಚ್ಚುವ ಮೊದಲು ಪ್ರೆಶರ್ ಬಿಡಿ, ದಯವಿಟ್ಟು). ಆಯಿಲ್ ಮೇಲಿನಿಂದ ಕೆಳಗೆ ಹರಿಯುತ್ತದೆ, ಗುಳ್ಳೆ ಮೇಲಕ್ಕೇ ಹೋಗಬೇಕು ಅನ್ನುತ್ತದೆ. 10 ಪಿಎಸ್‌ಐನ ನಿಧಾನದ ಹರಿವಿನಲ್ಲಿ ಪೈಪಿನ ಎತ್ತರದ ತಿರುವಿನಲ್ಲಿ ಅದು ಅಲ್ಲೇ ಕೂತಿರಬಹುದು. ನಿಪ್ಪಲನ್ನು ಚೆನ್ನಾಗಿ ಬಿಚ್ಚಿ ಹರಿವು ಜೋರು ಮಾಡಿದರೆ ಸ್ವಲ್ಪ ವಾಸಿ. ಸ್ಲೇವ್ ಸಿಲಿಂಡರಿನ (ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಕೆಳಗಿನ ಭಾಗ) ಪಿಸ್ಟನ್ ಒಳಕ್ಕೆ ಒತ್ತಿ ಹಿಡಿದರೆ ಇನ್ನೂ ವಾಸಿ, ಯಾಕೆಂದರೆ ಪಿಸ್ಟನ್ ಹಿಂದೆ ಏರ್ ನಿಲ್ಲಲು ಜಾಗವೇ ಇರುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ದೊಡ್ಡ ಸಿರಿಂಜ್‌ಗೆ ಟ್ಯೂಬ್ ಸಿಕ್ಕಿಸಿ, ಸ್ಲೇವ್ ನಿಪ್ಪಲಿನಿಂದ ಹೊಸ ಆಯಿಲನ್ನು ನಿಧಾನವಾಗಿ ಮೇಲಕ್ಕೆ ತಳ್ಳುತ್ತೇನೆ. ಗುಳ್ಳೆ ಎತ್ತ ಹೋಗಬೇಕೋ ಅತ್ತಲೇ ಆಯಿಲ್ ಹೋಗುತ್ತದೆ ಅಲ್ವಾ. ಮೇಲಿನ ಡಬ್ಬಿ ಮೊದಲು ಅರ್ಧ ಖಾಲಿ ಮಾಡಿಕೊಳ್ಳಿ, ಇಲ್ಲದಿದ್ದರೆ ತುಂಬಿ ಚೆಲ್ಲುತ್ತದೆ.

ಆಮೇಲೆ ಒಬ್ಬರಿಂದ ಪೆಡಲ್ ತುಳಿಸಿ, ಸ್ಲೇವ್‌ನ ಪುಷ್‌ರಾಡ್ ಎಷ್ಟು ಹೊರಬರುತ್ತದೆ ಅಂತ ಅಳೆಯಿರಿ. ಸುಮಾರು ಅರ್ಧ ಇಂಚು ಬಂದರೆ ಹೈಡ್ರಾಲಿಕ್ ಸರಿ ಇದೆ. ಕಡಿಮೆ ಬಂತು, ಆದರೆ ಗುಳ್ಳೆ ಇಲ್ಲ ಅಂದರೆ ಪೆಡಲ್ ಬಾಕ್ಸ್ ಮುಚ್ಚಳ ತೆಗೆದು ಪೆಡಲಿಗೂ ಪುಷ್‌ರಾಡಿಗೂ ನಡುವಿನ ಕ್ಲೆವಿಸ್ ಪಿನ್ ನೋಡಿ. ನನ್ನ ಕಾರಿನಿಂದ ಹೊರಬಂದ ಪಿನ್ನಿನ ಮಧ್ಯಭಾಗ ಉಗುರು ಸಿಕ್ಕಿಕೊಳ್ಳುವಷ್ಟು ಸವೆದು ಮೆಟ್ಟಿಲಾಗಿತ್ತು, ಪೆಡಲಿನ ತೂತು ಉದ್ದಕ್ಕೆ ಬೆಳೆದು ಮೊಟ್ಟೆಯಾಕಾರ ಬಂದಿತ್ತು. ರಿವರ್ಸ್ ಗೇರ್ ಕರ್ ಅನ್ನುತ್ತಿದ್ದದ್ದು ಅದರಿಂದ. ಪಿನ್ ಹೊಸದು ಹಾಕಿ, ತೂತು ಬೆಸೆದು ಮತ್ತೆ ಕೊರೆಸಿದ ಮೇಲೆ ಗೇರ್ ಬೆಣ್ಣೆಯ ಹಾಗೆ ಬೀಳುತ್ತದೆ.

ಬಾಳಿಕೆ ಬಗ್ಗೆ: ಬಾಟಲಿ, ಪಂಪ್ ಇವತ್ತಿಗೂ ಗಟ್ಟಿ. ಮುಚ್ಚಳದ ರಬ್ಬರ್ ವಾಷರ್ ಮಾತ್ರ ಉಬ್ಬಿ ಕೆಟ್ಟಿತು, ಬದಲಿಸಿದೆ. ಗೇಜ್ 5ರ ಕೆಳಗೆ ನಂಬಿಕೆಗೆ ಯೋಗ್ಯವಲ್ಲ, ಮುಳ್ಳು ಅಂಟಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಉಳಿದ ಆಯಿಲ್ ಬಾಟಲಿಯಲ್ಲೇ ಇಡಬೇಡಿ, ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4ಗೆ ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಕುದಿಬಿಂದು ಇರಬೇಕು, ನೀರು ಸೇರಿದ ಮೇಲೆ ಕನಿಷ್ಠ ಮಿತಿ 155 ಅಷ್ಟೇ. ಬಾಟಲಿಯನ್ನು ಸ್ಪಿರಿಟ್‌ನಿಂದ ತೊಳೆದು ಒಣಗಿಸಿ. ಪೆಟ್ರೋಲ್, ಡೀಸೆಲ್ ಮುಟ್ಟಿಸಲೇಬೇಡಿ, ಅದರ ಪಸೆ ಉಳಿದರೂ ಬ್ರೇಕ್‌ನ ರಬ್ಬರ್ ಎಲ್ಲಾ ಉಬ್ಬುತ್ತದೆ. ಸಿಲಿಕೋನ್ ಡಾಟ್ 5 ಹಾಕಿದ ಕಾರಿಗೆ ಇದೇ ಬಾಟಲಿ ಬಳಸಬೇಡಿ, ಬೇರೆ ಇಟ್ಟುಕೊಳ್ಳಿ.

ಕೊಳ್ಳುವ ಮುಂಚೆ ಒಂದನ್ನು ಮಾತ್ರ ಖಚಿತ ಮಾಡಿಕೊಳ್ಳಿ: ನಿಮ್ಮ ಕಾರಿನ ಮಾಸ್ಟರ್ ಸಿಲಿಂಡರ್ ಮುಚ್ಚಳದ ಅಳತೆ, ಮರೆ ಎರಡಕ್ಕೂ ಹೊಂದುವ ಅಡಾಪ್ಟರ್ ಜೊತೆಗೆ ಬರುತ್ತದೆಯಾ ಅಂತ. ಎಲ್ಲಕ್ಕೂ ಹೊಂದುತ್ತದೆ ಅನ್ನುವ ಸರಪಳಿ ಕಟ್ಟುವ ಮುಚ್ಚಳ ಹಳೇ ಸಣ್ಣ ಡಬ್ಬಿಗಳ ಮೇಲೆ ಸರಿಯಾಗಿ ಕೂರುವುದಿಲ್ಲ.