ಎರಡು ವರ್ಷ ಬಳಸಿದ ಮೇಲೆ: ಹೈಸ್ಕೂಲ್ ಮಕ್ಕಳ ಕ್ಯಾನ್ಸರ್ ಪಾಠದ ಸಾಫ್ಟ್‌ವೇರ್

ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕ್ಯಾನ್ಸರ್ ಬರದಂತೆ ನೋಡಿಕೊಳ್ಳುವುದನ್ನು ಆಟ ಆಡಿಸುತ್ತಾ ಕಲಿಸುವ ಈ ಸಾಫ್ಟ್‌ವೇರ್ ನಮ್ಮ ಕಂಪ್ಯೂಟರ್ ರೂಮಿಗೆ ಬಂದು ಎರಡು ವರ್ಷ ಆಯ್ತು. ಇಂಟರ್ನೆಟ್ ಬೇಡ. ಕರೆಂಟ್ ಹೋಗಿ ಬಂದರೆ ಆಟ ನಿಂತಲ್ಲಿಂದಲೇ ಶುರುವಾಗುತ್ತದೆ. ನಮ್ಮ ಕಡೆ ಇದೇ ದೊಡ್ಡ ವಿಷಯ.

ಚೆನ್ನಾಗಿರುವುದು ಬಾಯಿಯ ಪಾಠ. ಗುಟ್ಕಾ ಜಗಿಯುವವರ ಕೆನ್ನೆಯ ಒಳಭಾಗ ವರ್ಷ ಕಳೆದಂತೆ ಹೇಗೆ ಬಿಳಿಚಿಕೊಂಡು ಬಿಗಿಯಾಗುತ್ತದೆ ಅಂತ ಮಕ್ಕಳೇ ಬಟನ್ ಒತ್ತಿ ನೋಡುತ್ತಾರೆ. ಆಮೇಲೆ ಒಂದು ಪರೀಕ್ಷೆ: ನಿಮ್ಮ ಮೂರು ಬೆರಳು ಒಂದರ ಮೇಲೊಂದು ಬರುವಂತೆ ಹಲ್ಲುಗಳ ನಡುವೆ ಇಡಿ. ಮೂರೂ ಹಿಡಿಸದಿದ್ದರೆ ಬಾಯಿ ಬಿಗಿಯಾಗುತ್ತಿರಬಹುದು, ತೋರಿಸಬೇಕು. ಮೂಗಿನ ಮೇಲೆ ಬೆರಳಿಡುವವರನ್ನು ಕಂಡಿದ್ದೆ, ಇಡೀ ಕ್ಲಾಸು ಬಾಯಿಗೆ ಬೆರಳಿಟ್ಟುಕೊಂಡು ಕೂತಿದ್ದನ್ನು ಅವತ್ತೇ ನೋಡಿದ್ದು. ಹಿಂದಿನ ಬೆಂಚಿನ ಹುಡುಗನೊಬ್ಬನಿಗೆ ಎರಡೇ ಬೆರಳು ಹಿಡಿಸಿದವು. "ಗುಟ್ಕಾ ಹಾಕಲ್ಲ ಮಿಸ್, ಬರೀ ಸ್ವೀಟ್ ಅಡಿಕೆ" ಅಂದ. ಅವರಪ್ಪನನ್ನು ಕರೆಸಿ ಹಲ್ಲಿನ ಡಾಕ್ಟರ್ ಹತ್ತಿರ ಕಳಿಸಿದೆವು. ಬಾಯಿ ಬಿಗಿಯಾಗುವುದು ಇನ್ನೂ ಶುರುವಿನಲ್ಲೇ ಇದೆ, ಅಡಿಕೆ ಇವತ್ತಿಂದಲೇ ಬಿಡಬೇಕು ಅಂದರಂತೆ.

ದೊಡ್ಡ ಕೊರತೆಯೂ ಅಲ್ಲೇ ಇದೆ. ಸಿಗರೇಟಿಗೆ ನಾಲ್ಕು ಆಟ, ಗುಟ್ಕಾಗೆ ಒಂದು. ಕಡ್ಡಿಪುಡಿ, ಹೊಗೆಸೊಪ್ಪಿನ ಹೆಸರೇ ಇಲ್ಲ. ಅಡಿಕೆಯ ಸುದ್ದಿಯಂತೂ ಎಲ್ಲೂ ಇಲ್ಲ. ತಂಬಾಕು ಸೇರದ ಬರೀ ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ನಾನು ಇದನ್ನು ಹೇಳಿದಾಗ ಒಬ್ಬಳು ಎದ್ದು, "ಹಂಗಾದ್ರೆ ನಮ್ಮಪ್ಪ ಅಡಿಕೆ ಬೆಳೆಯೋದು ತಪ್ಪಾ ಮಿಸ್?" ಅಂದಳು. ಅರ್ಧ ಕ್ಲಾಸು ತೋಟದವರ ಮಕ್ಕಳೇ. ನಮ್ಮ ಮನೆಯದ್ದೂ ಅರ್ಧ ಎಕರೆ ಇದೆ. ಜಗಿಯಬೇಡಿ ಅಂದೆ, ಅದಕ್ಕಿಂತ ಜಾಸ್ತಿ ಬಾಯಿ ಬರಲಿಲ್ಲ.

ಗರ್ಭಕಂಠದ ಕ್ಯಾನ್ಸರ್ ಪಾಠ ಮುಚ್ಚುಮರೆ ಇಲ್ಲದೆ ಹೇಳುತ್ತದೆ. ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್, ಅದಕ್ಕೆ ಲಸಿಕೆ, 9ರಿಂದ 14 ವರ್ಷದೊಳಗೆ ಹಾಕಿಸಿದರೆ ಒಳ್ಳೆಯದು. ಆದರೆ ಈಗಲೂ ಎಲ್ಲರಿಗೂ ಮೂರು ಡೋಸ್ ಅಂತಲೇ ತೋರಿಸುತ್ತದೆ. ಈ ವಯಸ್ಸಿಗೆ ಒಂದು ಅಥವಾ ಎರಡು ಸಾಕು ಅಂತ 2022ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 2023ರಲ್ಲಿ ಬಂದ ನಮ್ಮ ದೇಶದ್ದೇ ಲಸಿಕೆ ಸರ್ವಾವ್ಯಾಕ್ ಕೂಡ ಇಲ್ಲ. ಎರಡು ಸಲ ಮೇಲ್ ಮಾಡಿದೆ. ಧನ್ಯವಾದ ಬಂತು, ಅಪ್‌ಡೇಟ್ ಬರಲಿಲ್ಲ.

ಸನ್‌ಸ್ಕ್ರೀನ್ ಹಚ್ಚುವ ಆಟ ಸುಮ್ನೆ ದಂಡ. ಇನ್ನು ಆ ಕನ್ನಡ! "ಧೂಮಪಾನವನ್ನು ವರ್ಜಿಸಿರಿ" ಅಂತ ಹುಡುಗರು ಕಾರಿಡಾರಿನಲ್ಲಿ ಅದೇ ದನಿ ತೆಗೆದು ಅಣಕಿಸುತ್ತಾರೆ. ಇರಲಿ, ನೆನಪಂತೂ ಉಳಿಯಿತು ಅಲ್ವಾ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಈ ವರ್ಷಕ್ಕೂ ಚಂದಾ ಕಟ್ಟಿದ್ದೇವೆ. ಅಡಿಕೆಯದ್ದು ಒಂದು ಚಾರ್ಟ್ ನಾನೇ ಬರೆದು ಕಂಪ್ಯೂಟರ್ ಪಕ್ಕ ಅಂಟಿಸಿದ್ದೇನೆ.