ಬ್ಲೆಂಡರ್ ಜೊತೆ ಎರಡೂವರೆ ವರ್ಷ: ಒಂದು ಕಪ್ಪೆ, ನಾಲ್ಕು ನಿಮಿಷದ ಸಿನಿಮಾ

ನಾನು ಸಾಗರದಲ್ಲಿ ಸಣ್ಣ ಡಿಟಿಪಿ ಅಂಗಡಿ ನಡೆಸುತ್ತೇನೆ. ಹಗಲೆಲ್ಲ ಲಗ್ನಪತ್ರಿಕೆ, ಬಿಲ್ ಪುಸ್ತಕ, ಫ್ಲೆಕ್ಸ್. ರಾತ್ರಿ ಊಟ ಆದಮೇಲೆ ಅನಿಮೇಷನ್. 2023ರ ಜೂನ್‌ನಲ್ಲಿ ಬ್ಲೆಂಡರ್ ಅನ್ನೋ ಅನಿಮೇಷನ್ ಸಾಫ್ಟ್‌ವೇರ್ ಹಾಕಿಕೊಂಡೆ. ಕುಂಬಾರ ಕಪ್ಪೆಯ ಬಗ್ಗೆ ಒಂದು ಕಿರುಚಿತ್ರ ಮಾಡಬೇಕು ಅನ್ನೋದು ಬಹಳ ದಿನದ ಆಸೆ. ಆ ಚಿತ್ರ ಈಗ ಮುಗಿದಿದೆ. ಹಾಗಾಗಿ ಈ ವಿಮರ್ಶೆಯನ್ನು ಧೈರ್ಯವಾಗಿ ಬರೆಯಬಹುದು ಅನಿಸಿತು.

ಕಪ್ಪೆಯ ವಿಷಯ ಮೊದಲು. ನಮ್ಮಿಂದ ಹೊನ್ನಾವರದ ಕಡೆ ಹೋದರೆ ಕತ್ತಲೆಕಾನು ಅನ್ನೋ ಕಾಡು ಸಿಗುತ್ತದೆ. ಅಲ್ಲಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡಿನಲ್ಲಿ, ಹಳ್ಳದ ಬದಿಯಲ್ಲಿ ಇರುವ ಕಪ್ಪೆ ಇದು. ವಿಜ್ಞಾನಿಗಳು 2014ರಲ್ಲಿ ಇದಕ್ಕೆ ಕುಂಬಾರ ಅಂತಲೇ ಹೆಸರಿಟ್ಟರು. ಹೆಣ್ಣು ನೀರಿನ ಮೇಲ್ಗಡೆ ಮೊಟ್ಟೆ ಇಡುತ್ತದೆ. ಆಮೇಲೆ ಗಂಡು ಹಿಂಗಾಲಿನ ಮೇಲೆ ನಿಂತು, ಮುಂಗೈಯಲ್ಲಿ ಹಳ್ಳದ ಕೆಸರು ತೆಗೆದು ಮೊಟ್ಟೆಗೆ ಮೆತ್ತುತ್ತದೆ. ಮೊಟ್ಟೆಯೊಡೆದು ಬಂದ ಮರಿ ಕೆಳಗಿನ ನೀರಿಗೆ ಬೀಳುತ್ತದೆ. ನಮ್ಮ ಸೀಮೆಯಲ್ಲೇ ಇಂಥದ್ದು ನಡೆಯುತ್ತದೆ ಅಂತ ನಮ್ಮ ಮಕ್ಕಳಿಗೆ ಗೊತ್ತಿರಬೇಕು ಅಲ್ವಾ?

ಇನ್ನು ಸಾಫ್ಟ್‌ವೇರ್. ದುಡ್ಡು ಕೊಡಬೇಕಿಲ್ಲ. ಟ್ರಯಲ್ ಅವಧಿ ಇಲ್ಲ, ತಿಂಗಳ ಬಾಡಿಗೆಯೂ ಇಲ್ಲ. ಇದರ ಹಿಂದೆ ಒಂದು ಚಂದದ ಕತೆ ಇದೆ. 2002ರಲ್ಲಿ ಇದನ್ನು ಮಾಡುತ್ತಿದ್ದ ಕಂಪನಿ ಮುಚ್ಚಿತು. ಆಗ ಬಳಸುತ್ತಿದ್ದವರೇ 1 ಲಕ್ಷ ಯೂರೋ ಕೂಡಿಸಿ ಇದನ್ನು ಬಿಡಿಸಿಕೊಂಡು, ಎಲ್ಲರಿಗೂ ಮುಕ್ತ ಮಾಡಿದರು. 2025ರಲ್ಲಿ ಆಸ್ಕರ್ ಪಡೆದ ಅನಿಮೇಷನ್ ಸಿನಿಮಾ ತಯಾರಾಗಿದ್ದೂ ಇದರಲ್ಲೇ. ಸಾಗರದ ಅಂಗಡಿಯಲ್ಲಿ ಕೂತ ನನಗೂ ಅದೇ ಸಾಮಾನು ಸಿಕ್ಕಿದೆ ಅನ್ನೋದು ಸಣ್ಣ ಮಾತಲ್ಲ.

ನಾನು ಬಳಸಿದ್ದು ಮುಖ್ಯವಾಗಿ ಗ್ರೀಸ್ ಪೆನ್ಸಿಲ್. ಪೆನ್ ಹಿಡಿದು ಚಿತ್ರ ಬಿಡಿಸುವ ಭಾಗ ಅದು. ಬಿಡಿಸಿದ ಗೆರೆ ಕಾಗದದ ಮೇಲಿನ ಮಸಿಯ ಹಾಗೆ ಅಂಟಿ ಕೂರುವುದಿಲ್ಲ. ಯಾವಾಗ ಬೇಕಾದರೂ ಹಿಡಿದು ಎಳೆಯಬಹುದು, ಬಗ್ಗಿಸಬಹುದು. ಇದರ ಬೆಲೆ ನನಗೆ ತಿಳಿದಿದ್ದು ಕೆಸರು ಮೆತ್ತುವ ದೃಶ್ಯದಲ್ಲಿ. ಬಿಡಿಸಿ ಮುಗಿಸಿದ್ದೆ. ನೋಡಿದರೆ ಕಪ್ಪೆ ಗೋಡೆಗೆ ಪೋಸ್ಟರ್ ಅಂಟಿಸುತ್ತಿರುವ ಹಾಗಿತ್ತು. ಪರಿಚಯದ ಕುಂಬಾರರೊಬ್ಬರ ಮನೆಗೆ ಲ್ಯಾಪ್‌ಟಾಪ್ ಒಯ್ದು ತೋರಿಸಿದೆ. ಎರಡು ಸಲ ನೋಡಿದರು. "ಅದು ಒತ್ತುತ್ತಾ ಇದೆ ಮಾರಾಯ್ರೇ. ಒತ್ತಬಾರ್ದು, ತಟ್ಬೇಕು" ಅಂದರು. ಹಸಿ ಮಡಕೆ ತೆಗೆದು ತಟ್ಟಿ ತೋರಿಸಿದರು. ಅಂಗೈ ಮಣ್ಣಿಗೆ ತಾಗಿದ ಕೂಡಲೇ ವಾಪಸ್ ಬರುತ್ತದೆ. ಬರುವಾಗ ಬೆರಳು ಸ್ವಲ್ಪ ಹಿಂದೆ ಉಳಿಯುತ್ತದೆ. ಆ ಒಂದೂವರೆ ಸೆಕೆಂಡಿಗೆ 18 ಚಿತ್ರ. ಮೈ ಮುಟ್ಟಲೇ ಇಲ್ಲ, ಬರೀ ಮುಂಗೈ ಗೆರೆಗಳನ್ನು ಎಳೆದು ಸರಿ ಮಾಡಿದೆ. ಒಂದೇ ರಾತ್ರಿಯಲ್ಲಿ ಆಯಿತು. ಕಾಗದದಲ್ಲಾಗಿದ್ದರೆ ಹದಿನೆಂಟನ್ನೂ ಹೊಸದಾಗಿ ಬಿಡಿಸಬೇಕಿತ್ತು.

ಕಾಡಿನ ಆಳವೂ ಚೆನ್ನಾಗಿ ಬಂತು. ಮುಂದಿನ ಬೇರು, ನಡುವಿನ ಹಳ್ಳ, ಹಿಂದಿನ ಮರಗಳು, ಹೀಗೆ ಬೇರೆ ಬೇರೆ ದೂರದಲ್ಲಿ ಚಿತ್ರ ನಿಲ್ಲಿಸಿ ಕ್ಯಾಮೆರಾ ಓಡಿಸಬಹುದು. ಬಣ್ಣ ತುಂಬುವಾಗ ಮಾತ್ರ ಗೆರೆಗಳು ಕೂಡಿರಬೇಕು. ಸಣ್ಣ ಬಿರುಕಿದ್ದರೂ ಬಣ್ಣ ಆಚೆ ಹರಿಯುತ್ತದೆ.

ಸುಲಭವಾ ಅಂದರೆ, ಅಲ್ಲ. ಮೊದಲ ಎರಡು ತಿಂಗಳು ಕಲಿಕೆಗೇ ಹೋಯಿತು. ನಾಲ್ಕು ನಿಮಿಷಕ್ಕೆ, ಸೆಕೆಂಡಿಗೆ 12 ಚಿತ್ರದ ಲೆಕ್ಕದಲ್ಲಿ, 2880 ಚಿತ್ರ. ದಿನಾ ಹತ್ತು ಬಿಡಿಸಿದರೂ ಒಂಬತ್ತು ತಿಂಗಳ ಮೇಲಾಗುತ್ತದೆ. ನನ್ನ ಲ್ಯಾಪ್‌ಟಾಪ್ ಹಳೆಯದು, 8 ಜಿಬಿ ರ‍್ಯಾಮ್. ಮಳೆಯ ದೃಶ್ಯಗಳಲ್ಲಿ ಏದುಸಿರು ಬಿಡುತ್ತಿತ್ತು. ಚಿತ್ರ ಬಿಡಿಸಲು ಕಂಪ್ಯೂಟರಿಗೆ ಸಿಕ್ಕಿಸುವ ಹಲಗೆ, ಪೆನ್ ಟ್ಯಾಬ್ಲೆಟ್, ಯಾವ ಕಂಪನಿಯದು ಅಂತ ಹೆಸರು ಬೇಡ. ವರ್ಷದೊಳಗೆ ವೈರ್ ಸಿಕ್ಕಿಸುವ ಜಾಗ ಸಡಿಲವಾಯಿತು. ಬಿಡಿಸುವಾಗಲೇ ಗೆರೆ ಕಡಿದುಹೋಗುತ್ತಿತ್ತು. ಕೊಳ್ಳುವವರು ವೈರ್ ಬದಲಾಯಿಸಲು ಆಗುತ್ತದಾ ಅಂತ ಕೇಳಿಯೇ ತಗೊಳ್ಳಿ.

ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ರೆಂಡರ್ ಮಾಡುವಾಗ, ಅಂದರೆ ಕೊನೆಯ ಚಿತ್ರಗಳನ್ನು ಕಂಪ್ಯೂಟರ್‌ನಿಂದ ತೆಗೆಸುವಾಗ, ನೇರ ವಿಡಿಯೋ ಮಾಡಬೇಡಿ. ಪ್ರತಿ ಫ್ರೇಮನ್ನೂ ಬೇರೆ ಪಿಎನ್‌ಜಿ ಚಿತ್ರವಾಗಿ ಉಳಿಸಿ. ನಾನು ಬಿಡಿಸಿದ ಒಂದೊಂದು ಚಿತ್ರವೂ ಎರಡು ಫ್ರೇಮ್ ನಿಲ್ಲುವುದರಿಂದ ನನ್ನ ಸಿನಿಮಾಕ್ಕೆ 5760 ಫ್ರೇಮ್‌ಗಳಾದವು. ಮೂರು ಸಲ ಕರೆಂಟ್ ಹೋಯಿತು, ಬಂದಮೇಲೆ ನಿಂತಲ್ಲಿಂದಲೇ ಶುರು ಮಾಡಿದೆ. ಆಮೇಲೆ ಬ್ಲೆಂಡರ್‌ನಲ್ಲೇ ಎಲ್ಲ ಜೋಡಿಸಿ ವಿಡಿಯೋ ಮಾಡಬಹುದು. ಹಾಗೇ, ಸಿನಿಮಾ ನಡುವೆ ಆವೃತ್ತಿ ಬದಲಾಯಿಸಬೇಡಿ. ಎರಡು ವರ್ಷ ಬೆಂಬಲ ಇರುವ ಎಲ್‌ಟಿಎಸ್ ಆವೃತ್ತಿ ಹಿಡಿದುಕೊಳ್ಳಿ. 4.3ರಲ್ಲಿ ಗ್ರೀಸ್ ಪೆನ್ಸಿಲ್ ಅನ್ನೇ ಹೊಸದಾಗಿ ಕಟ್ಟಿದರು. ನಾನು ಮಾತ್ರ 3.6ರಲ್ಲೇ ಮುಗಿಸಿದೆ.

ಹವಾಮಾನದ ವಿಷಯವನ್ನು ಸಿನಿಮಾದಲ್ಲಿ ಹೇಗೆ ತರೋದು ಅಂತ ಬಹಳ ಯೋಚಿಸಿದೆ. ನಾನು ಶುರು ಮಾಡಿದ ವರ್ಷದ ಆಗಸ್ಟ್, ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆಯಾದ ಆಗಸ್ಟ್. ಹಾಗಂತ ಒಂದು ತಿಂಗಳು ತೋರಿಸಿ ಇದೇ ಹವಾಮಾನ ಬದಲಾವಣೆ ಅನ್ನೋದು ಸರಿಯಲ್ಲ. ಆದರೆ ಜಗತ್ತಿನ ಕಪ್ಪೆಯಂಥ ಉಭಯಚರ ಜಾತಿಗಳಲ್ಲಿ ಶೇಕಡ 41 ಅಳಿವಿನ ಅಪಾಯದಲ್ಲಿವೆ. ಕಾಡು ಹೋಗಿದ್ದು, ರೋಗ ಬಂದಿದ್ದು, ಈಗ ಬಿಸಿಯೂ ಸೇರಿದೆ. ಚರ್ಮದಿಂದಲೂ ಉಸಿರಾಡುವ ಜೀವಕ್ಕೆ ತೇವ ಇಲ್ಲದಿದ್ದರೆ ಬದುಕಿಲ್ಲ. ಇಷ್ಟನ್ನೂ ಮಾತಿಲ್ಲದೆ ಹೇಳಬೇಕಿತ್ತು.

ದಾರಿ ತೋರಿಸಿದ್ದು ಒಬ್ಬ ಹುಡುಗಿ. ಹತ್ತಿರದ ಶಾಲೆಯಲ್ಲಿ ಅರ್ಧ ಮುಗಿದ ಸಿನಿಮಾ ತೋರಿಸಿದಾಗ ಅವಳು ಎದ್ದು ಕೇಳಿದಳು: "ಮರಿ ನೀರಿಗೆ ಬೀಳುತ್ತೆ ಅಂದ್ರಲ್ಲ, ಕೆಳಗೆ ನೀರೇ ಇಲ್ದಿದ್ರೆ?" ಮನೆಗೆ ಬಂದು ಫೈಲ್ ತೆರೆದೆ. ಮೂರು ಸೆಕೆಂಡ್, 36 ಚಿತ್ರ ಸೇರಿಸಿದೆ. ಕೆಸರಿನ ಗೂಡು ಅಲ್ಲೇ ಇದೆ, ಅಪ್ಪ ಕಪ್ಪೆ ಪಕ್ಕದಲ್ಲೇ ಕೂತಿದೆ. ಕೆಳಗೆ ಹಳ್ಳದ ನೀರು ಒಂದೊಂದೇ ಕಲ್ಲು ಬಿಟ್ಟು ಹಿಂದೆ ಸರಿಯುತ್ತದೆ.