ಹಳೇ ಡಿ7000ಕ್ಕೆ ಅಗ್ಗದ ಲೆನ್ಸು: ಜಗಲಿಯಲ್ಲಿ, ಇಕ್ಕೇರಿಯಲ್ಲಿ, ಯಕ್ಷಗಾನದ ಆಟದಲ್ಲಿ

ಬಾಡಿಗೆ ಕೊಟ್ಟಿದ್ದು 15 ಸಾವಿರ. ತಿಂಗಳ ಬಾಡಿಗೆಯಲ್ಲ, ಕ್ಯಾಮೆರಾದ 'ಬಾಡಿ'ಗೆ, ಅಂದರೆ ಲೆನ್ಸ್ ಇಲ್ಲದ ಬರೀ ಮೈಗೆ. ನಿಕಾನ್ ಡಿ7000, ಸೆಕೆಂಡ್ ಹ್ಯಾಂಡ್. 2010ರಲ್ಲಿ ಬಂದ ಮಾಡೆಲ್, 16 ಮೆಗಾಪಿಕ್ಸೆಲ್. ಇದರ ಶಟರನ್ನು ಒಂದೂವರೆ ಲಕ್ಷ ಸಲ ಹೊಡೆಸಿ ಪರೀಕ್ಷೆ ಮಾಡಿರುತ್ತಾರೆ. ನನ್ನ ಕೈಗೆ ಬಂದಾಗ 41 ಸಾವಿರ ಆಗಿತ್ತು, ಅಂದರೆ ಇನ್ನೂ ಪ್ರಾಯ ಇದೆ. ಬೆಂಗಳೂರಿನಿಂದ ಸಾಗರಕ್ಕೆ ರಾತ್ರಿ ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದೆ. ಅಪ್ಪಯ್ಯ ಅದರ ಮುಂದಿನ ತೂತು ನೋಡಿ, "ಇದಕ್ಕೆ ಕಣ್ಣೇ ಇಲ್ವಲ್ಲೋ" ಅಂದರು.

ಕಣ್ಣಿಗೆ ಅಂತ ಉಳಿದಿದ್ದು ಇನ್ನೊಂದು 15 ಸಾವಿರ. ಅಷ್ಟರಲ್ಲಿ ಏನು ಬರುತ್ತದೆ ಅಂತ ಒಂದು ವರ್ಷ ಕೊಂಡು, ಕಡ ತಂದು ನೋಡಿದ್ದೇನೆ.

ಮೊದಲು ಬಾಡಿ ಯಾವುದನ್ನು ಒಪ್ಪುತ್ತದೆ ಅಂತ ತಿಳಿದುಕೊಳ್ಳಬೇಕು. ನಿಕಾನ್ ಡಿ3000, ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇರುವುದಿಲ್ಲ. ಡಿ7000ದಲ್ಲಿ ಇದೆ. ಲೆನ್ಸ್ ಕೂರುವ ಉಂಗುರದಲ್ಲಿ ಸಣ್ಣ ಸ್ಕ್ರೂಡ್ರೈವರ್ ತುದಿ ಕಾಣುತ್ತದಲ್ಲ, ಅದೇ. ಮೋಟಾರ್ ಇಲ್ಲದ ಹಳೇ ಎಎಫ್ (ಆಟೋಫೋಕಸ್) ಲೆನ್ಸನ್ನು ಅದು ತಿರುಗಿಸಿ ಫೋಕಸ್ ಮಾಡುತ್ತದೆ. ಅಂಥ ಲೆನ್ಸುಗಳು ಅಗ್ಗಕ್ಕೆ ಸಿಗುತ್ತವೆ, ಹಾಗಾಗಿ ಇದು ನಮ್ಮ ಲಾಭ.

ಹೊಸ ಲೆನ್ಸುಗಳ ವಿಷಯದಲ್ಲಿ ಮಾತ್ರ ಲೆಕ್ಕ ಉಲ್ಟಾ. ಒಂದು ಅಂಗಡಿಯಲ್ಲಿ 70-300 ಎಎಫ್-ಪಿ ತೋರಿಸಿ, "ಎಲ್ಲ ನಿಕಾನಿಗೂ ಆಗತ್ತೆ ಸಾರ್" ಅಂದರು. ಹಾಕಿ ನೋಡಿದೆ. ಫೋಕಸ್ ಆಗಲಿಲ್ಲ. ಕೈಯಲ್ಲಿ ಉಂಗುರ ತಿರುಗಿಸಿದರೂ ಇಲ್ಲ, ಯಾಕೆಂದರೆ ಆ ಉಂಗುರವೂ ಒಳಗಿನ ಮೋಟಾರಿಗೆ ಸುದ್ದಿ ಮುಟ್ಟಿಸುವುದಷ್ಟೇ. ಆ ಮೋಟಾರಿನ ಭಾಷೆ ಡಿ7000ಕ್ಕೆ ಬರುವುದಿಲ್ಲ. ಹೆಸರಿನಲ್ಲಿ 'ಎಎಫ್-ಪಿ' ಅಂತಿದ್ದರೆ ಮುಟ್ಟಲೇಬೇಡಿ. 'ಎಎಫ್-ಎಸ್' ಸರಿ, 'ಡಿ' ಸರಿ.

ಮೊದಲು ಕೊಂಡಿದ್ದು 50 ಎಂಎಂ ಎಫ್ 1.8 ಡಿ, 5,500 ರೂಪಾಯಿಗೆ. (ಎಂಎಂ ಹೆಚ್ಚಿದಷ್ಟೂ ದೂರದ್ದು ಹತ್ತಿರ, ನೋಟ ಕಿರಿದು. ಎಫ್ ಅಂಕಿ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು.) ಕೇಳಿದವರೆಲ್ಲ "ಫಸ್ಟು ಫಿಫ್ಟಿ ತಗೋ" ಅಂದಿದ್ದರು. 155 ಗ್ರಾಂ, ಜೇಬಿನಲ್ಲಿಟ್ಟರೆ ಮರೆತೇಹೋಗುತ್ತದೆ. ಕ್ಯಾಮೆರಾಕ್ಕೆ ಹಾಕಿ ಆನ್ ಮಾಡಿದರೆ ಪರದೆಯ ಮೇಲೆ 'ಎಫ್ಇಇ' ಅಂತ ಮಿನುಗುತ್ತಿತ್ತು. ಲೆನ್ಸ್ ಕೆಟ್ಟಿದೆ, ಟೋಪಿ ಬಿತ್ತು ಅಂತಲೇ ಅಂದುಕೊಂಡೆ. ವಿಷಯ ಇಷ್ಟೇ: ಇದರ ಮೈಮೇಲೆ ಅಪರ್ಚರ್ ಉಂಗುರ, ಅಂದರೆ ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಉಂಗುರ ಇದೆ. ಅದನ್ನು 22ಕ್ಕೆ ತಿರುಗಿಸಿ ಲಾಕ್ ಮಾಡಬೇಕು. ಆಮೇಲೆ ಎಲ್ಲ ಕ್ಯಾಮೆರಾದಿಂದಲೇ.

ತೊಂದರೆ ಶುರುವಾಗಿದ್ದು ಮನೆಯೊಳಗೆ. ಡಿ7000ದ ಸೆನ್ಸರ್ ಚಿಕ್ಕದು, ಫಿಲ್ಮಿನ ಲೆಕ್ಕದಲ್ಲಿ 50 ಅನ್ನುವುದು 75 ಆಗುತ್ತದೆ. ನಿಂತ ಮನುಷ್ಯನನ್ನು ಅಡಿಯಿಂದ ಮುಡಿವರೆಗೆ ಹಿಡಿಯಲು ಸುಮಾರು ಹದಿಮೂರು ಅಡಿ ದೂರ ಬೇಕು. ನಮ್ಮ ಜಗಲಿಯೇ ಹತ್ತಡಿ ಅಗಲ! ಅಕ್ಕನ ಮಗಳ ಹುಟ್ಟುಹಬ್ಬದಲ್ಲಿ ನಾನು ಗೋಡೆಗೆ ಬೆನ್ನು ಹಚ್ಚಿ, ಕೊನೆಗೆ ಅಂಗಳಕ್ಕೆ ಇಳಿದು, ಕಿಟಕಿಯ ಸರಳಿನ ನಡುವೆ ಕ್ಯಾಮೆರಾ ತೂರಿಸಿ ಫೋಟೋ ತೆಗೆದೆ. ಕೇಕು ಬಂದರೆ ಮಗು ಇಲ್ಲ, ಮಗು ಬಂದರೆ ಅಜ್ಜಿ ಇಲ್ಲ.

ಹಾಗಾಗಿ 35 ಎಂಎಂ ಎಫ್ 1.8 ಜಿ ಡಿಎಕ್ಸ್ ಬಂತು. ಎಂಟು ಸಾವಿರ, 200 ಗ್ರಾಂ. ಇದಕ್ಕೆ ಅದೇ ಮನುಷ್ಯ ಒಂಬತ್ತು ಅಡಿಯಲ್ಲಿ ಸಿಗುತ್ತಾನೆ. ನಾಲ್ಕಡಿಯ ವ್ಯತ್ಯಾಸ ಕಾಗದದ ಮೇಲೆ ಏನೂ ಅಲ್ಲ. ಮನೆಯೊಳಗೆ ಅದು ಒಂದು ಗೋಡೆ. ಹತ್ತಿರ ಹೋಗುವುದರಲ್ಲೂ ಇದೇ ಮುಂದು: ಒಂದಡಿವರೆಗೆ ಫೋಕಸ್ ಆಗುತ್ತದೆ, 50ಕ್ಕೆ ಒಂದೂವರೆ ಅಡಿ ಬೇಕು. ಗುಡಿಗಾರರೊಬ್ಬರು ಗಂಧದ ತುಂಡಿನಲ್ಲಿ ಆನೆಯ ಸೊಂಡಿಲು ಬಿಡಿಸುವಾಗ ಉಳಿಯ ತುದಿಯನ್ನು 35ರಲ್ಲೇ ಹಿಡಿದೆ.

ಹಾಗಂತ 35 ಚಿನ್ನ ಅಂತೇನಿಲ್ಲ. ಎಫ್ 1.8ರಲ್ಲಿ ಸ್ಟೀಲ್ ಲೋಟದ ಅಂಚು, ಬಿಳಿ ಪಂಚೆಯ ಅಂಚು ನೇರಳೆ ಬಣ್ಣ ಕಟ್ಟುತ್ತದೆ. ಎಫ್ 2.8ಕ್ಕೆ ಇಳಿಸಿದರೆ ಬಹುಪಾಲು ಹೋಗುತ್ತದೆ. 50ರ ಕತೆ ಬೇರೆ. ಪೂರ್ತಿ ತೆರೆದರೆ ಮುಖ ಸ್ವಲ್ಪ ಮೆತ್ತಗೆ ಬರುತ್ತದೆ (ಅತ್ತಿಗೆಗೆ ಅದೇ ಇಷ್ಟವಾಯಿತು), 2.8ರಲ್ಲಿ ಬ್ಲೇಡಿನಷ್ಟು ಚುರುಕು. ಆದರೆ ಹಿನ್ನೆಲೆಯಲ್ಲಿ ಅಡಿಕೆ ತೋಟ ಇದ್ದರೆ ಸೋಗೆಯ ನಡುವಿನ ಬಿಸಿಲೆಲ್ಲ ಏಳು ಮೂಲೆಯ ಬಿಲ್ಲೆಗಳಾಗಿ ಗಲಾಟೆ ಮಾಡುತ್ತವೆ. 35ರಲ್ಲಿ ಆ ಗಲಾಟೆ ಕಡಿಮೆ. ನನ್ನ 50ಕ್ಕೆ ಇನ್ನೊಂದು ಕಾಯಿಲೆಯೂ ಇತ್ತು: ಕಣ್ಣಿಗೆ ಗುರಿ ಇಟ್ಟರೆ ಕಿವಿ ಸ್ಪಷ್ಟ. ಡಿ7000ದ ಮೆನುವಿನಲ್ಲಿ ಫೋಕಸನ್ನು ಚೂರು ಹಿಂದೆ ಮುಂದೆ ಸರಿಸುವ ಎಎಫ್ ಫೈನ್ ಟ್ಯೂನ್ ಇದೆ. ಅಲ್ಲಿ ಮೈನಸ್ 8ಕ್ಕೆ ತಂದ ಮೇಲೆ ಸರಿಹೋಯಿತು.

ಇಷ್ಟಾದ ಮೇಲೆ 50 ಮಾರೋಣ ಅಂತ ಹೊರಟೆ. ಒಬ್ಬರು ಹೊಸನಗರದಿಂದ ಬೈಕಿನಲ್ಲಿ ಬಂದರು. ಅವರದ್ದು ಡಿ5300. ಒಳಗೆ ಮೋಟಾರ್ ಇಲ್ಲ. ಕೈಯಲ್ಲಿ ತಿರುಗಿಸಿದರೆ ಮಾತ್ರ ಫೋಕಸ್. ಕಾಫಿ ಕುಡಿದು ಹೋದರು. ಕೇಳದೆ ಕರೆಸಿದ್ದು ನನ್ನ ತಪ್ಪೇ.

ಮದುವೆ ಫೋಟೋ ತೆಗೆಯುವ ಗೆಳೆಯನಿಂದ ಎರಡು ಜೂಮ್ ಕಡ ತಂದೆ. ಒಂದು 18-105 ವಿಆರ್ (ವಿಆರ್ ಅಂದರೆ ಕೈ ನಡುಕ ತಡೆಯುವ ಏರ್ಪಾಡು), ಡಿ7000ದ ಜೊತೆಗೇ ಕಿಟ್ ಆಗಿ ಬರುತ್ತಿದ್ದದ್ದು. 420 ಗ್ರಾಂ, ಮೌಂಟ್ (ಬಾಡಿಗೆ ಕೂರುವ ಉಂಗುರ) ಪ್ಲಾಸ್ಟಿಕ್. ಇನ್ನೊಂದು 55-200 ವಿಆರ್, 335 ಗ್ರಾಂ. 55-200ನ್ನು ಗುಡವಿ ಪಕ್ಷಿಧಾಮಕ್ಕೆ ಒಯ್ದೆ. ಕೆರೆಯ ಮರಗಳ ತುಂಬ ಬಿಳಿ ಕೆಂಬರಲು. 105ರಲ್ಲಿ ಅಕ್ಕಿಕಾಳಿನಷ್ಟು ಕಂಡ ಹಕ್ಕಿ 200ರಲ್ಲಿ ಕಡಲೆಕಾಳಿನಷ್ಟಾಯಿತು, ಅಷ್ಟೇ. ಮೋಡ ಮುಚ್ಚಿದರೆ ಫೋಕಸ್ ಹಿಂದೆ ಮುಂದೆ ತಡಕಾಡುತ್ತಿತ್ತು. ಹಕ್ಕಿಗಾಗಿಯೇ ಇದನ್ನು ಕೊಳ್ಳುವುದು ದಂಡ. ಕೆಳದಿಯ ದೇವಸ್ಥಾನದ ಮಾಡಿನ ಗಂಡಭೇರುಂಡವನ್ನು ಹತ್ತಿರಕ್ಕೆ ಎಳೆಯಲು ಮಾತ್ರ ಚೆನ್ನಾಗಿತ್ತು. ವಾಪಸು ಕೊಟ್ಟೆ.

18-105 ಬೇಗ ವಾಪಸು ಹೋಗಲಿಲ್ಲ. ಇಕ್ಕೇರಿಯ ನಂದಿ ಮಂಟಪದ ಎದುರು ನಿಂತಾಗ 35 ಸಾಲಲಿಲ್ಲ. 18ಕ್ಕೆ ಅಗಲಿಸಿದರೆ ಇಡೀ ಮಂಟಪ ಬಂತು. ಒಳಗೆ ಕತ್ತಲು. ಆದರೂ ವಿಆರ್ ಇರುವುದರಿಂದ ಸೆಕೆಂಡಿನ ಎಂಟನೇ ಒಂದು ಭಾಗದಲ್ಲಿ ಕೈಯಲ್ಲೇ ಹಿಡಿದು ತೆಗೆದರೂ ನಂದಿ ಸ್ಪಷ್ಟ. ನಂದಿ ಅಲುಗಾಡುವವನಲ್ಲ ನೋಡಿ. ಅಂಚಿನ ಕಂಬಗಳು ಮಾತ್ರ ಹೊಟ್ಟೆ ಉಬ್ಬಿಸಿಕೊಂಡಿದ್ದವು, ಅದನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಬಹುದು. ಜೋಗಕ್ಕೂ ಅಗಲವೇ ಬೇಕು.

ನಡುವೆ ಚಿಕ್ಕಪ್ಪನ ಟ್ರಂಕಿನಿಂದ ಪುಕ್ಕಟೆ ಲೆನ್ಸೊಂದು ಹೊರಬಂತು. ಹಳೇ ಸೀರೀಸ್ ಇ 50 ಎಂಎಂ, ಫೋಕಸ್ ಕೈಯಲ್ಲೇ. ಇಂಥದ್ದನ್ನೂ ಡಿ7000 ಒಪ್ಪುತ್ತದೆ, ಮೆನುವಿನಲ್ಲಿ 50 ಮತ್ತು 1.8 ಅಂತ ತುಂಬಿದರೆ ಬೆಳಕನ್ನೂ ಅಳೆಯುತ್ತದೆ. (1977ಕ್ಕಿಂತ ಹಿಂದಿನ, ಹೊಸ ಬಾಡಿಗೆ ತಕ್ಕಂತೆ ತಿದ್ದದ ಲೆನ್ಸನ್ನು ಮಾತ್ರ ತುರುಕಬೇಡಿ, ಮೌಂಟಿನ ಪಕ್ಕದ ಸಣ್ಣ ನಾಲಿಗೆ ಮುರಿಯುತ್ತದೆ.) ಖುಷಿಯಿಂದ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಜೇಡರ ಬಲೆಯಂತೆ ಬೂಸ್ಟು. ಗೋಡೆಗೇ ಬೂಸ್ಟು ಹಿಡಿಯುವ ಮಲೆನಾಡಿನ ಮಳೆಗಾಲ ಗಾಜನ್ನು ಬಿಡುತ್ತದಾ? ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗ ಗೀರಿಗಿಂತ ಮೊದಲು ಇದನ್ನು ನೋಡಿ. ನನ್ನವು ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮಲಗಿವೆ.

ಮಾರದೆ ಉಳಿದ 50ರ ಬೆಲೆ ಗೊತ್ತಾಗಿದ್ದು ಬೇಸಿಗೆಯಲ್ಲಿ, ಶಾಲೆ ಮೈದಾನದಲ್ಲಿ ಯಕ್ಷಗಾನದ ಆಟ ಆದಾಗ. ರಂಗಸ್ಥಳದ ಎದುರು ಚಾಪೆಯ ಮೇಲೆ ಕೂತಿದ್ದೆ. ಐಎಸ್ಓ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 1600, ಎಫ್ 2, ಸೆಕೆಂಡಿನ 250ನೇ ಒಂದು ಭಾಗ. ಮಂಡಿ ಹಾಕಿ ಗಿರಗಿರ ಸುತ್ತುವ ವೇಷ ನಿಂತಂತೆ ಸಿಕ್ಕಿತು, ಗೆಜ್ಜೆಯ ಕಾಳು ಎಣಿಸಬಹುದಿತ್ತು. ಅಲ್ಲೇ 18-105 ಹಾಕಿ 105ಕ್ಕೆ ಎಳೆದರೆ ಎಫ್ 5.6. ಬೆಳಕು ಎಂಟನೇ ಒಂದು ಪಾಲಾಯಿತು, ಶಟರ್ 30ನೇ ಒಂದು ಭಾಗಕ್ಕೆ ಬಿತ್ತು. ನನ್ನ ಕೈ ನಡುಗುವುದನ್ನು ವಿಆರ್ ತಡೆಯುತ್ತದೆ, ವೇಷ ಕುಣಿಯುವುದನ್ನು ಹೇಗೆ ತಡೆದೀತು? ಬರೀ ಬಣ್ಣದ ಸುಳಿ. 50ರ ಸ್ಕ್ರೂ ಮೋಟಾರ್ ಗೊರಗೊರ ಅನ್ನುತ್ತದೆ ಅಂತ ಮನೆಯಲ್ಲಿ ಮುಜುಗರವಾಗುತ್ತಿತ್ತು. ಚಂಡೆಯ ಮುಂದೆ ಅದನ್ನು ಯಾರು ಕೇಳುತ್ತಾರೆ.

ನಡುರಾತ್ರಿ ಚೌಕಿಗೆ ಹೋದೆ. ಬಲ್ಬಿನ ಕೆಳಗೆ ಸಾಲಾಗಿ ಕೂತು ಬಣ್ಣ ಹಚ್ಚಿಕೊಳ್ಳುವವರು, ಕಾಲಿಡಲು ಜಾಗ ಇಲ್ಲ. ಅಲ್ಲಿ ಮತ್ತೆ 35. ಕನ್ನಡಿ, ಬಣ್ಣದ ಬಟ್ಟಲು, ಅರ್ಧ ಮುಗಿದ ಮುಖ, ಹಿಂದೆ ಮುಂಡಾಸು ಸುತ್ತುತ್ತಿದ್ದ ಹುಡುಗ, ಎಲ್ಲವೂ ಒಂದೇ ಚೌಕಟ್ಟಿನಲ್ಲಿ. ಎರಡೇ ಅಡಿ ದೂರದಲ್ಲಿ ಕೂತಿದ್ದೆ.

ಒಂದೇ ಒಂದು ಕೊಳ್ಳುವಷ್ಟು ದುಡ್ಡಿದ್ದರೆ ನಾನು 35 ಅನ್ನುತ್ತೇನೆ, ಸುಮ್ನೆ 50 ಅನ್ನುವವರ ಮಾತು ಕೇಳಬೇಡಿ. ಬಾಡಿಯಲ್ಲಿ ಮೋಟಾರ್ ಇದ್ದು, ವೇದಿಕೆ ಎದುರು ಕೂರುವ ಚಟ ಇದ್ದರೆ ಆಮೇಲೆ 50. ಊರು ಸುತ್ತುವವರಿಗೆ 18-105 ಮೊದಲು ಬಂದರೂ ತಪ್ಪಿಲ್ಲ.

ಹೋದ ವಾರ ಆ 18-105ರ ಗೆಳೆಯ ಫೋನ್ ಮಾಡಿ, "ಮಾರಾಯ, ಲೆನ್ಸ್ ಕೊಡ್ತೀಯೋ, ದುಡ್ಡು ಕೊಡ್ತೀಯೋ?" ಅಂದ. ಮೂರು ಸಾವಿರ ಕೊಟ್ಟಿದ್ದೇನೆ. ಇನ್ನು ಮೂರು ಸಾವಿರ ಅಡಿಕೆ ಮಾರಿದ ಮೇಲೆ.